ದೇವರು ಒಪ್ಪಿದ ಹುಂಜ ಮತ್ತು ಉಳಿದ ಅತಿಥಿಗಳು

ಮನೆ ಬಾಡಿಗೆಗಿದೆ ಎಂದು ಬೋರ್ಡು ಹಾಕಿದರೆ ಮನುಷ್ಯರು ಬರುತ್ತಾರೆ. ‘ಸಾಕಿದ ಪ್ರಾಣಿಗಳೊಂದಿಗೆ ಬನ್ನಿ, ಅಡುಗೆ ನೀವೇ ಮಾಡಿಕೊಳ್ಳಿ’ ಎಂದು ಹಾಕಿದರೆ ಏನು ಬರುತ್ತದೆಂದು ಬ್ರಹ್ಮನಿಗೂ ತಿಳಿಯದು.

ದಾಂಡೇಲಿ ರಸ್ತೆಯ ನಮ್ಮ ಹೊಲದಲ್ಲಿ ಎಮ್ಮೆಯ ಕೊಟ್ಟಿಗೆ ಖಾಲಿ ಬಿದ್ದಿತ್ತು. ಸುಣ್ಣ ಬಳಿದು, ಗ್ಯಾಸ್ ಒಲೆ ಇಟ್ಟು, ಕಾಟೇಜು ಎಂದು ಕರೆದೆವು. ಅತ್ತೆ ಹೇಳಿದ್ದು ಒಂದೇ ಮಾತು: “ಬ್ಯಾಸಗಿ ಮುಗಿಯೂತನಾ ನೋಡ್ತೇನಿ. ಬಂದವರ್ಯಾರರ ಮಾರಿ ಸಣ್ಣದು ಮಾಡ್ಕೊಂಡು ಹ್ವಾದ್ರ ಮತ್ತ ಎಮ್ಮಿ ತರ್ತೇನಿ.”

ಎಮ್ಮೆ ಬಂದರೆ ಸಗಣಿ ಬಾಚುವವಳು ನಾನು, ಅದೂ ಹಲ್ಲು ಬರುತ್ತಿರುವ ಕೂಸನ್ನು ಸೊಂಟದ ಮೇಲಿಟ್ಟುಕೊಂಡು. ಬಂದವರನ್ನು ನಗಿಸಿ ಕಳಿಸುವುದು ಅಂದಿನಿಂದ ನನ್ನ ವ್ರತವಾಯಿತು.

ನಾಯಿಗೆ ಎಲೆ

ಮೊದಲು ಬಂದವರು ಬೆಳಗಾವಿಯ ಗಂಡ ಹೆಂಡತಿ ಮತ್ತು ಕರುವಿನಷ್ಟು ಎತ್ತರದ ನಾಯಿ. ಹೆಂಡತಿ ಒಲೆ ಹೊತ್ತಿಸಿದ್ದೇ ತಡ, ಅತ್ತೆ ಎದ್ದರು.

“ಮನಿಗೆ ಬಂದವರು ತಾವ ಬೇಯಿಸ್ಕೊಂಡು ಉಂಡ್ರ ನಾಳೆ ಓಣ್ಯಾಗ ನಾ ಹೆಂಗ ಅಡ್ಡಾಡ್ಲಿ?”

“ಅತ್ತಿ, ಅವರು ಬಂದಿದ್ದ ಅದಕ್ಕ.”

“ಯಾಕ, ಅವರ ಮನ್ಯಾಗ ಒಲಿ ಇಲ್ಲೇನು?”

ನಮ್ಮ ಒಲೆಯಿಂದಲೇ ಕಾಟೇಜಿಗೆ ರೊಟ್ಟಿ, ಎಣ್ಣೆಗಾಯಿ ಹೋದವು. ನಾಯಿಯೂ ಅತಿಥಿಯೇ ಎಂದು ಅದಕ್ಕೂ ಎಲೆ ಹಾಕಿ ಬಡಿಸಿದರು. “ಇದು ಬರೇ ಪಾಕೀಟಿನ ಕಾಳು ತಿಂತೈತ್ರಿ” ಎಂದಳು ಹೆಂಡತಿ. “ಅದಕ್ಕ ಹಿಂಗ ಸೊರಗೇತಿ” ಎಂದರು ಅತ್ತೆ.

ಹೊರಡುವ ದಿನ ನಾಯಿ ಕಾರು ಹತ್ತಲಿಲ್ಲ. ಎಲ್ಲರೂ ಸೇರಿ ಹಿಂದಿನಿಂದ ನೂಕಿದೆವು. ಬೆವರು ಒರೆಸಿಕೊಳ್ಳುತ್ತ ಗಂಡ ಹೇಳಿದ: “ಅಕ್ಕಾರ, ಇನ್ನೊಮ್ಮಿ ಇದನ್ನ ಒಳಗ ನೂಕೂದು ಬ್ಯಾಡ್ರಿ. ನಾವ ಇಳಿದು ಇಲ್ಲೇ ಉಳಿದುಬಿಡ್ತೇವಿ.”

ಹೆದರಿದ ಬೆಕ್ಕು

ಧಾರವಾಡದ ಮಹಿಳೆಯೊಬ್ಬರು ಬಿಳಿ ಬೆಕ್ಕು ತಂದಿದ್ದರು. ಬೆಳಿಗ್ಗೆ ಬಂದು ದೂರು ಕೊಟ್ಟರು: “ನಿಮ್ಮ ಇಲಿ ನಮ್ಮ ಬೆಕ್ಕನ್ನ ಹೆದರಿಸೈತ್ರಿ.”

ಹೋಗಿ ನೋಡಿದರೆ ಬೆಕ್ಕು ಕಪಾಟಿನ ಮೇಲೆ ಮುದುಡಿ ಕೂತಿತ್ತು, ಇಲಿ ಅದರ ಹಾಲು ಕುಡಿಯುತ್ತಿತ್ತು. ನನ್ನ ಗಂಡ ಪಕ್ಕದ ಮನೆಯಿಂದ ಬೆಕ್ಕನ್ನು ಕೈಗಡ ತಂದರು. ಅದು ಇಲಿಯನ್ನು ಮುಗಿಸಿತು, ಉಳಿದ ಹಾಲನ್ನೂ ಮುಗಿಸಿತು.

ಬಿಳಿ ಬೆಕ್ಕಿನ ಒಡತಿ ಬೆರಗಾದರು. “ಇದಕ್ಕ ಯಾರು ಕಲಿಸ್ಯಾರ್ರಿ?”

“ಯಾರೂ ಕಲಿಸಿಲ್ರಿ. ಊಟಾ ಹಾಕೂದು ಬಿಟ್ಟಾರ.”

ಹಾಗೆ ಅಂದುಬಿಟ್ಟ ಮೇಲೆ ನನಗೆ ಎಮ್ಮೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಪುಣ್ಯಕ್ಕೆ ಅವರು ನಕ್ಕರು. ಮುಖ ಸಣ್ಣದಾಗಿದ್ದು ಕಪಾಟಿನ ಮೇಲಿದ್ದ ಬೆಕ್ಕಿನದು ಮಾತ್ರ.

ಹುಂಜ

ಹುಬ್ಬಳ್ಳಿಯ ನಿವೃತ್ತ ದಂಪತಿ ಕಾರಿನಿಂದ ಇಳಿಸಿದ್ದು ಹುಂಜವನ್ನು. ಬಜಾರದಲ್ಲಿ ಗುಲಾಬಿ ಬಣ್ಣ ಬಳಿದು ಮಾರುವ ಕೋಳಿಮರಿಯನ್ನು ಮೊಮ್ಮಗಳು ತಂದಿದ್ದಳಂತೆ. ಬಣ್ಣ ಹೋಗಿ ಹುಂಜ ಉಳಿದಿತ್ತು. ಇದನ್ನು ನನಗೆ ಹೇಳಿದರು, ಅತ್ತೆಗೆ ಹೇಳಲಿಲ್ಲ.

ನಮ್ಮ ಕಡೆ ಕಾಡಿನ ದೇವರ ಬಳಿಗೆ ಜೀವಂತ ಹುಂಜ ತರುವುದು ಒಂದೇ ಕೆಲಸಕ್ಕೆ: ಹರಕೆ ಒಪ್ಪಿಸಿ, ಕೊಯ್ದು, ಬೇಯಿಸಿ ಉಣ್ಣುವುದಕ್ಕೆ. ನಾನು ಕೂಸಿಗೆ ನೀರೆರೆದು ಹೊರಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಒರಳಿನಲ್ಲಿ ಮಸಾಲೆ ಅರೆದಿಟ್ಟಿತ್ತು.

ಕೂಸನ್ನೆತ್ತಿಕೊಂಡು ಕಾಡಂಚಿನ ದೇವರ ಮರದ ಕಡೆ ಓಡಿದೆ. ಪೂಜಾರಿ ಅಜ್ಜ ಹುಂಜದ ಮೇಲೆ ನೀರು ಚಿಮುಕಿಸುತ್ತಿದ್ದ. ಅದು ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ. ಕೊಡವಿತು. ಹುಂಜಕ್ಕೆ ಆಶೀರ್ವಾದ ಸಿಕ್ಕಿತೆಂದುಕೊಂಡು ದಂಪತಿ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಅಜ್ಜ ಕಲ್ಲಿನ ಹಿಂದಿನಿಂದ ಕತ್ತಿ ತೆಗೆದ.

“ಅದ್ಯಾಕ್ರಿ?” ಎಂದರು ಹುಬ್ಬಳ್ಳಿಯ ತಾಯಿ.

“ಹರಕಿ ಹುಂಜ ಅಲ್ಲೇನ್ರಿ?” ಎಂದರು ಅತ್ತೆ.

“ದಿನಾ ನಮ್ಮ ಕಾಲ ಕಡೆ ಮಲಗ್ತೈತ್ರಿ ಇದು.”

ಅಜ್ಜ ಕತ್ತಿ ಇಳಿಸಲಿಲ್ಲ. “ದೇವರು ಒಪ್ಪಿ ಆತು. ಹೊಳ್ಳಿ ಒಯ್ಯಾಕ ಬರಂಗಿಲ್ಲ.”

ಆ ತಾಯಿಯ ಮುಖ ಸಣ್ಣದಾಗುತ್ತ ಬಂತು. ನನಗೆ ಎಮ್ಮೆ ಕಾಣುತ್ತ ಬಂತು.

“ಅಜ್ಜಾ,” ಎಂದೆ, “ದೇವರ ಹೆಸರಿಲೆ ಹೋರಿ ಬಿಡ್ತಾರಲ್ಲ, ಅದನ್ನ ಯಾರರ ಕೊಯ್ತಾರೇನು? ಇದನ್ನೂ ಹಂಗ ಬಿಡೂಣು.”

ಅಜ್ಜ ಕತ್ತಿಯನ್ನು ಮತ್ತೆ ಕಲ್ಲಿನ ಹಿಂದೆ ಇಟ್ಟ. “ಬಿಡಬಹುದು. ಆದ್ರ ಊರ ಸೀಮಿ ದಾಟಂಗಿಲ್ಲ.”

ಹೀಗೆ ಹುಂಜ ನಮ್ಮಲ್ಲೇ, ಆ ಕಾಟೇಜಿನಲ್ಲೇ ಉಳಿಯಿತು. ಅದನ್ನು ನೋಡಲು ದಂಪತಿ ತಿಂಗಳಿಗೊಮ್ಮೆ ಬರುತ್ತಾರೆ. ಬೇಸಿಗೆ ಮುಗಿದಾಗ ನಾನು ಹೆದರುತ್ತಲೇ ಎಮ್ಮೆಯ ಮಾತು ತೆಗೆದೆ. ಅತ್ತೆ ನನ್ನನ್ನೇ ಬೈದರು: “ಎಮ್ಮಿ ಕಟ್ಟಿದ್ರ ದೇವರ ಹುಂಜ ಎಲ್ಲಿ ಮಲಗಬೇಕು?”

ಮೊನ್ನೆ ಯಾರೋ ಫೋನು ಮಾಡಿ, ನಾಯಿ ಕರೆತರಬಹುದೇ ಎಂದು ಕೇಳಿದರು. ಅತ್ತೆಯೇ ಎತ್ತಿದರು.

“ಬರ್ರಿ, ಬರ್ರಿ. ಚಾಪಿ ತಗೊಂಡು ಬರ್ರಿ.”

“ನಾಯಿಗೇನ್ರಿ?”

“ನಾಯಿಗೊಂದು, ನಿಮಗೊಂದು. ಮಂಚದ ಮ್ಯಾಲೆ ಹುಂಜ ಮಲಗ್ತೈತಿ.”