ಅಂಟಿನ ಕೊಳವೆಯಲ್ಲಿ ಗಡ್ಡದ ಸೋಪು

“ಇಷ್ಟು ವರ್ಷ ಒಂದೇ ಸೋಪು ಕಣೇ, ಒಂದೇ ಸೋಪು! ಮುಖ ಒದ್ದೆ ಮಾಡ್ಕೊಂಡು, ಆ ಕಡ್ಡಿ ಸೋಪನ್ನ ಕೆನ್ನೆ ಮೇಲೆ ಹಿಂಗೊಂದು ಸಲ, ಹಂಗೊಂದು ಸಲ ಎಳೆದು ಬ್ರಷ್ ತಿರುಗಿಸಿದ್ರೆ, ಆಹಾ, ನೊರೆ ಅಂದ್ರೆ ನೊರೆ! ಈಗ ಅಂಗಡಿಯವನು ಹೇಳ್ತಾನೆ, ಅದನ್ನ ಮಾಡೋರು ನಿಲ್ಲಿಸಿಬಿಟ್ರು ಯಜಮಾನ್ರೇ, ಫೋಮ್ ತಗೊಳ್ಳಿ ಅಂತ. ಫೋಮಂತೆ! ಗುಂಡಿ ಒತ್ತಿದ್ರೆ ಬುಸ್ ಅನ್ನುತ್ತೆ. ಅದು ಬೆಂಕಿ ಆರಿಸೋದಕ್ಕೋ ಗಡ್ಡ ತೆಗೆಯೋದಕ್ಕೋ? ಕ್ರೀಮು ಹಚ್ಕೊಂಡ್ರೆ ಹಲ್ಲುಜ್ಜೋ ಪೇಸ್ಟ್ ಮೆತ್ಕೊಂಡ ಹಾಗಿರುತ್ತೆ. ಕಟಿಂಗ್ ಅಂಗಡಿಗೆ ಹೋಗಿ ಅಂತೀಯಾ? ಅವನು ಲೋಕದ ಸುದ್ದಿಯೆಲ್ಲ ಕೈ ಬೀಸಿ ಬೀಸಿ ಹೇಳ್ತಾನೆ, ಆ ಕೈಯಲ್ಲಿ ಕತ್ತಿ ಇರುತ್ತೆ! ನನ್ನ ಸೋಪು ಸಿಗೋವರೆಗೂ ಈ ಮುಖಕ್ಕೆ ಬ್ಲೇಡ್ ಸೋಕಿಸಲ್ಲ. ಬರೆದಿಟ್ಕೋ!”

ಬರೆದಿಡುವಷ್ಟು ಓದು ನನಗೆಲ್ಲಿ ಬರಬೇಕು! ಆದರೆ ಕೇಳಿಟ್ಟುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿಲ್ಲ. ಹಾಗಾಗಿ ನಮ್ಮ ಮನೆಯವರ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದ್ದೇನೆ. ಅವರು ಗಡಿಯಾರ ರಿಪೇರಿ ಮಾಡುವವರು. ಸಾಸಿವೆ ಕಾಳಿನಷ್ಟು ಸ್ಕ್ರೂ ಉರುಳಿಹೋದರೂ ಹುಡುಕಿ ತೆಗೆಯುತ್ತಾರೆ, ಹಿಡಿದ ಹಟವನ್ನು ಮಾತ್ರ ಬಿಡುವುದಿಲ್ಲ.

ಬ್ಲೇಡು ಸೋಕದಿದ್ದರೆ ನನಗೇನೂ ನಷ್ಟವಿರಲಿಲ್ಲ. ನಷ್ಟವಾದದ್ದು ಮೊಮ್ಮಗಳಿಗೆ. ಇನ್ನೂ ವರ್ಷ ತುಂಬದ ಕೂಸು, ಸಂಜೆ ಅಜ್ಜ ಅಂಗಡಿಯಿಂದ ಬಂದರೆ ಅವರ ಕೆನ್ನೆಗೆ ತನ್ನ ಕೆನ್ನೆ ಉಜ್ಜದೆ ಹಾಲು ಕುಡಿಯುತ್ತಿರಲಿಲ್ಲ. ಗಡ್ಡ ಮೊಳಕೆಯೊಡೆದ ಮೇಲೆ ಒಂದು ಸಲ ಉಜ್ಜಿತು, “ಆಂ!” ಎಂದು ಕಿರುಚಿತು, ಅಷ್ಟೇ. ಮಾರನೆಯ ದಿನ ಅಜ್ಜ ಕೈ ಚಾಚಿದರೆ ಅಮ್ಮನ ಹೆಗಲಿಗೆ ಅವಿತುಕೊಂಡಿತು. ಮನೆಯವರು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತಂದು, ಏನೋ ಮರೆತವರಂತೆ ತಲೆ ಕೆರೆದುಕೊಂಡರು.

“ಸೋಪು ತಾನೇ? ನಾನೇ ಮಾಡ್ತೀನಿ!” ಎಂದು ಅಡುಗೆಮನೆಯ ನಡುವೆ ನಿಂತು ಘೋಷಿಸಿದೆ.

“ನೀನಾ?” ಎಂದರು ಮನೆಯವರು.

“ಮೂರು ಮಕ್ಕಳನ್ನ ಮಾಡಿ ದೊಡ್ಡೋರನ್ನ ಮಾಡಿದೀನಿ. ಒಂದು ಸೋಪು ಆಗಲ್ವಾ?”

“ಮಕ್ಕಳಿಂದ ನೊರೆ ಬರಬೇಕಾಗಿರ್ಲಿಲ್ಲವಲ್ಲೇ!”

ನಮ್ಮ ಮಹಡಿಯ ಮೇಲಿನ ಮನೆಯಲ್ಲಿ ಸೋಪು ಮಾಡಿ ಮಾರುವವಳೊಬ್ಬಳಿದ್ದಾಳೆ. ಎಲ್ಲರಿಗೂ ಅವಳು ಸೋಪಿನಕ್ಕ. ಅವಳ ಮುಂದೆ ಕುಳಿತು ಕಿವಿ ನೆಟ್ಟಗೆ ಮಾಡಿಕೊಂಡು ಎಲ್ಲ ಕೇಳಿಸಿಕೊಂಡೆ. ಕಾಸ್ಟಿಕ್ ಸೋಡಾ ಕಲಸುವ ಕೆಲಸ ಅವಳದು. “ಅದರ ಹತ್ರ ಮಾತ್ರ ಬರಬೇಡಿ ಅಜ್ಜಿ, ಕೈ ಸುಟ್ಟುಹೋಗುತ್ತೆ” ಎಂದು ದೂರ ಕೂರಿಸಿದಳು. ಹರಳೆಣ್ಣೆ, ಕೊಬ್ಬರಿ ಎಣ್ಣೆ ಅಳೆದು ಕೊಡುವುದು, ಆಮೇಲೆ ಗಟ್ಟಿ ಮೊಸರಿನ ಹದ ಬರುವವರೆಗೂ ತಿರುವುವುದು ನನ್ನದು. ತಿರುವಿದೆ. ತಿರುವಿದೆ. ಸೋಪಿನಕ್ಕ ಊಟ ಮಾಡಿ ಬಂದಳು, ತಿರುವುತ್ತಲೇ ಇದ್ದೆ.

“ಏನು ತಾಳ್ಮೆ ಅಜ್ಜಿ ನಿಮ್ಮದು!” ಎಂದಳು.

ಅದೊಂದು ಮಾತು ಸಾಕಾಯಿತು ನನ್ನ ತಲೆ ಹೆಮ್ಮೆಯಿಂದ ಗಿರ್ರೆನ್ನುವುದಕ್ಕೆ.

ಇನ್ನು ಕೊಳವೆಗಳು. ಸೊಸೆ, ಅಂದರೆ ಮಗುವಿನ ಅಮ್ಮ, ಶಾಲೆಯಲ್ಲಿ ಟೀಚರು. ಮಕ್ಕಳು ಕಾಗದ ಅಂಟಿಸುವ ಗಮ್ ಸ್ಟಿಕ್ ಇರುತ್ತದಲ್ಲ, ಬುಡ ತಿರುಗಿಸಿದರೆ ಬಿಳೀ ಅಂಟು ಮೇಲಕ್ಕೆ ಬರುವಂಥದ್ದು, ಅದರ ಖಾಲಿ ಕೊಳವೆಗಳನ್ನು ಅವಳು ಬಿಸಾಡುವಾಗಲೆಲ್ಲ ನಾನು ಎತ್ತಿಟ್ಟುಕೊಂಡಿದ್ದೆ. “ಇದೆಲ್ಲ ಯಾಕೆ ಅತ್ತೆ?” ಎಂದು ಅವಳು ಕೇಳಿದಾಗ “ಬೇಕಾಗುತ್ತೆ” ಎಂದಿದ್ದೆ. ಈಗ ಬೇಕಾಯಿತು ನೋಡಿ! ತಿರುಗಿಸಿದರೆ ಸೋಪು ಮೇಲೆ, ಇನ್ನೊಂದು ಕಡೆ ತಿರುಗಿಸಿದರೆ ಒಳಗೆ. ಖಾಲಿಯಾದರೆ ಮತ್ತೆ ತುಂಬಿಸು. ಮಹಾರಾಜರಿಗೂ ಇಂಥ ಸೋಪಿರಲಿಲ್ಲ! ಒಂದೊಂದನ್ನೂ ಬಿಸಿನೀರಿನಲ್ಲಿ ನೆನೆಸಿ ಒಳಗೆಲ್ಲ ತೊಳೆದೆ. ಮೇಲಿನ ಚೀಟಿ ಹೊಸದರಂತೆ ಇತ್ತು. ಅಷ್ಟು ಚೆಂದದ ಚೀಟಿಯನ್ನು ಕೀಳಲು ಮನಸ್ಸಾಗಲಿಲ್ಲ. ಹುಷಾರಾಗಿ ಹಾಗೇ ಉಳಿಸಿದೆ. ಎಂಥ ಜಾಣೆ!

ಮೊದಲ ಸಲ ಸೋಪು ತೆಳ್ಳಗಿದ್ದಾಗಲೇ ಸುರಿದೆ. ಮೇಲಿನಿಂದ ಹೋದದ್ದು ಬುಡದ ಸ್ಕ್ರೂ ಸಂದಿಯಿಂದ ಹೊರಗೆ ಬಂತು. ತಟ್ಟೆಗೆ ಬಂತು, ತಟ್ಟೆಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ನಾನು ಒರೆಸಿದಷ್ಟೂ ನೆಲ ಜಾರತೊಡಗಿತು. ನೀರು ಕುಡಿಯಲು ಬಂದ ಮಗ ಬಾಗಿಲಿನಿಂದ ಫ್ರಿಜ್ಜಿನವರೆಗೆ ಒಂದು ಹೆಜ್ಜೆಯನ್ನೂ ಇಡದೆ ತಲುಪಿದ.

“ಅಮ್ಮಾ, ಇದು ಗಡ್ಡಕ್ಕೋ, ಕಾಲಿಗೋ?” ಎಂದ, ಫ್ರಿಜ್ಜನ್ನು ತಬ್ಬಿಕೊಂಡು.

ಎರಡನೆಯ ಸಲ ಸೋಪು ಗಟ್ಟಿ ಮುದ್ದೆಯಾಗುವವರೆಗೆ ಕಾದು, ಚಮಚದಲ್ಲಿ ತುರುಕಿ, ಕುಟ್ಟಿ ಕುಟ್ಟಿ ತುಂಬಿದೆ. ನಿಂತಿತು! ಬಿಳೀ ಬಿಳೀ ಸೋಪು, ಸಾಲಾಗಿ ಸಿಪಾಯಿಗಳಂತೆ.

“ಇನ್ನು ನಾಲ್ಕು ವಾರ ಮುಟ್ಟಬೇಡಿ ಅಜ್ಜಿ. ಒಣಗಿ ಸೋಡಾದ ಖಾರ ಇಳೀಬೇಕು” ಎಂದಳು ಸೋಪಿನಕ್ಕ.

ಕಾಯುವುದೆಂದರೆ ನನಗೆ ಹೇಳಿಕೊಡಬೇಕೆ! ಬಾಗಿಲ ಪಕ್ಕದ ಕಪಾಟಿನ ಮೇಲೆ, ಸೊಸೆ ಶಾಲೆಗೆಂದು ತಂದಿಟ್ಟಿದ್ದ ಹೊಸ ಗಮ್ ಸ್ಟಿಕ್ ಡಬ್ಬಿಯ ಪಕ್ಕದಲ್ಲೇ, ಅಂಥದೇ ರಟ್ಟಿನ ಡಬ್ಬಿಯಲ್ಲಿ ಅವನ್ನಿಟ್ಟು ಕಾದೆ. ಬೆಳಿಗ್ಗೆ ಎದ್ದರೆ ಸೋಪಿನ ಮುಖ, ಮಲಗುವಾಗ ಸೋಪಿನ ಮುಖ. ಬಿಸಿಲಿನತ್ತ ತಿರುಗಿಸಿದೆ, ಗಾಳಿಗೆ ಇಟ್ಟೆ, ಧೂಳು ಕೂರಬಾರದೆಂದು ತೆಳು ಬಟ್ಟೆ ಹೊದಿಸಿದೆ. ಒಳಕೋಣೆಯಿಂದ ಆಗಾಗ ಮಗುವಿನ ಕೇಕೆ ಕೇಳಿಸುತ್ತಿತ್ತು. ಅವಳಮ್ಮ ಆಡಿಸುತ್ತಿದ್ದಾಳೆ ಎಂದುಕೊಂಡೆ. ನಾನು ಸೋಪನ್ನು ಬಿಟ್ಟು ಏಳುವ ಹಾಗಿರಲಿಲ್ಲ.

ಒಂದು ದಿನ ಮನೆಯವರು ಹತ್ತಿರ ಬಂದು ಗಡ್ಡ ನೀವಿಕೊಂಡು, “ಏನೇ, ಈಗ ಈ ಗಡ್ಡ...” ಎಂದು ರಾಗ ಎಳೆದರು.

“ಗೊತ್ತು ಬಿಡ್ರೀ, ಕಷ್ಟ ಆಗ್ತಿದೆ. ಇನ್ನೊಂದೇ ವಾರ ತಡ್ಕೊಳ್ಳಿ!” ಎಂದೆ. ಅವರು ಸೋಪಿನ ಸಾಲನ್ನು ನೋಡಿದರು, ನನ್ನ ಮುಖ ನೋಡಿದರು, ಬಾಯಿ ಮುಚ್ಚಿಕೊಂಡು ಹೋದರು.

ಅಂತೂ ಆ ದಿನ ಬಂತು. ಸಂಜೆ ಎಲ್ಲರೂ ಮನೆಗೆ ಬಂದ ಮೇಲೇ ಕ್ಷೌರವಾಗಬೇಕು, ಮಗು ಎಲ್ಲರೆದುರೇ ಅಜ್ಜನ ಕೆನ್ನೆಗೆ ಕೆನ್ನೆ ಇಡಬೇಕು ಎಂಬುದು ನನ್ನ ಆಸೆ. ಬೆಳಿಗ್ಗೆಯೇ ಎಲ್ಲಕ್ಕೂ ಮುಚ್ಚಳ ಹಾಕಿಟ್ಟೆ. ಸಂಜೆ ಸೊಸೆ ಬರುವುದು ತಡವಾಯಿತು. ನನಗೋ ತಡೆಯಲಾಗಲಿಲ್ಲ! ನಾಲ್ಕು ವಾರ ಕಾದವಳಿಗೆ ಕೊನೆಯ ಅರ್ಧ ಗಂಟೆ ಕಾಯಲಾಗಲಿಲ್ಲ. ಡಬ್ಬಿಯಿಂದ ಒಂದು ಕೊಳವೆ ತೆಗೆದು ಮನೆಯವರ ಕೈಗಿಟ್ಟು ಬಚ್ಚಲಿಗೆ ಕಳಿಸಿದೆ.

ಅವರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಅತ್ತ ಸೊಸೆ ದಡದಡನೆ ಬಂದಳು.

“ಅತ್ತೇ! ಕಪಾಟಿನ ಮೇಲೆ ಇದ್ದದ್ದು ನನ್ನ ಗಮ್ ಸ್ಟಿಕ್ ಅಲ್ವಾ?”

“ನನ್ನ ಸೋಪು ಕಣಮ್ಮ.”

“ಅಯ್ಯೋ! ಅವಸರದಲ್ಲಿ ಆ ಡಬ್ಬೀನೇ ತಗೊಂಡು ಹೋದೆ. ಇವತ್ತು ಮಕ್ಕಳ ಅಪ್ಪ ಅಮ್ಮಂದಿರು ಬರೋ ದಿನ. ಗೋಡೆ ತುಂಬ ಚಿತ್ರ ಅಂಟಿಸಿದ್ವಿ. ಹೆಡ್‌ಮೇಡಂ ಬಾಗಿಲು ತೆಗೀತಿದ್ದ ಹಾಗೇ ಎಲ್ಲಾ ಸರ್‍ರಂತ ಜಾರಿ ಬಿತ್ತು! ಒದ್ದೆ ಬಟ್ಟೇಲಿ ಒರೆಸಿದ್ರೆ ಗೋಡೆಯೆಲ್ಲ ನೊರೆ!”

“ನೊರೆ ಬಂತಾ?” ನನ್ನ ಮುಖ ಅರಳಿತು.

“ಅತ್ತೇ!”

“ಅಲ್ಲಮ್ಮ, ಸೋಪು ಶಾಲೆಗೆ ಹೋಗಿದ್ರೆ, ಇಲ್ಲಿದ್ದ ಡಬ್ಬೀಲಿ...”

“ಹೊಸ ಗಮ್ಮು!”

ಇಬ್ಬರೂ ಬಚ್ಚಲಿನತ್ತ ಓಡಿದೆವು. ಬಾಗಿಲು ತಾನಾಗಿಯೇ ತೆರೆಯಿತು. ಮನೆಯವರು ನಿಂತಿದ್ದರು. ಬ್ರಷ್ಷು ಗಡ್ಡಕ್ಕೆ ಕಚ್ಚಿಕೊಂಡು ನೇತಾಡುತ್ತಿತ್ತು. ಬಿಡಿಸಲು ಹೋಗಿ ಟವೆಲು ಅಂಟಿತ್ತು. ಟವೆಲಿನ ಜುಂಗು ಮೂಗಿನವರೆಗೆ ಹತ್ತಿತ್ತು.

“ನೊರೆ ಸ್ವಲ್ಪ ಗಟ್ಟಿ ಆಯ್ತು ಕಣೇ” ಎಂದರು, ಅರ್ಧ ತುಟಿಯಲ್ಲಿ.

ಮಗು ಅವರನ್ನು ನೋಡಿ ಕಿಲಕಿಲ ನಕ್ಕು ಎರಡೂ ಕೈ ಚಾಚಿತು. ನನಗೆ ಅದನ್ನು ಗಮನಿಸಲು ಪುರುಸೊತ್ತೆಲ್ಲಿ! ಬಿಸಿನೀರು ಕಾಯಿಸಿದೆ, ಎಣ್ಣೆ ಹಚ್ಚಿದೆ, ಬ್ರಷ್ಷು ಬಿಡಿಸಿದೆ, ಸೊಸೆಯ ಚೀಲದಿಂದ ಉಳಿದ ಸೋಪು ತೆಗೆದು ಕೊಟ್ಟೆ. ಮಗ ಕತ್ತರಿಯಲ್ಲಿ ಉದ್ದದ್ದನ್ನು ಕತ್ತರಿಸಿದ. ಆಮೇಲೆ ಎದ್ದ ನೊರೆಯನ್ನು ಏನು ಹೇಳಲಿ! ಮೋಡ ಕೆನ್ನೆಯ ಮೇಲೆ ಇಳಿದಂತಿತ್ತು. ಬ್ಲೇಡು ಸರಾಗವಾಗಿ ಹರಿಯಿತು. ಮುಖ ಸ್ಟೀಲಿನ ತಟ್ಟೆಯಂತೆ ಫಳಫಳ ಹೊಳೆಯಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹೋಗಮ್ಮ ಕಂದಾ, ಅಜ್ಜನ ಹತ್ರ ಹೋಗು!” ಎಂದೆ, ಸಾಮ್ರಾಜ್ಯ ಗೆದ್ದವಳಂತೆ.

ಮಗು ಆ ಹೊಳೆಯುವ ಮುಖವನ್ನು ನೋಡಿತು. ಕೈ ಚಾಚಿ ಗಲ್ಲದ ಕೆಳಗೆ ಏನನ್ನೋ ಹುಡುಕಿತು. ಸಿಗಲಿಲ್ಲ. ತುಟಿ ನಡುಗಿತು, ಮಹಡಿಯವರು ಕಿಟಕಿ ತೆರೆಯುವಷ್ಟು ಜೋರಾಗಿ ಅತ್ತಿತು.

“ಅತ್ತೆ,” ಎಂದಳು ಸೊಸೆ ಮೆಲ್ಲಗೆ, “ಗಡ್ಡ ಬೆಳೆದು ಮೆತ್ತಗಾದ ಮೇಲೆ ಚುಚ್ಚೋದು ನಿಂತುಹೋಯ್ತಲ್ಲ. ಹತ್ತು ದಿನದಿಂದ ಇವಳು ಮಾವನ ಗಡ್ಡ ಹಿಡ್ಕೊಂಡೇ ನಿದ್ದೆ ಮಾಡ್ತಿದ್ಲು. ನೀವು ನೋಡ್ಲಿಲ್ವಾ?”

ನಾನು ನೋಡಿದ್ದು ಸೋಪನ್ನು! ಮನೆಯವರತ್ತ ತಿರುಗಿದೆ. “ನೀವಾದ್ರೂ ಬಾಯಿ ಬಿಡಬಾರದಿತ್ತಾ?”

“ಬಿಟ್ಟೆ. ನೀನೇ ಇನ್ನೊಂದೇ ವಾರ ತಡ್ಕೊಳ್ಳಿ ಅಂದೆ. ಆ ಸೋಪಿಗೆ ಹೊದಿಕೆ ಹೊದಿಸಿ ಕೂತಿದ್ದೆ ಕಣೇ ನೀನು. ಬೇಡ ಅಂತ ಹೇಗೆ ಹೇಳಲಿ?”

ಅಳುತ್ತಿದ್ದ ಮಗುವನ್ನು ಎತ್ತಿಕೊಂಡೆ.

“ಗಡ್ಡ ಮತ್ತೆ ಅಷ್ಟು ಬೆಳೆಯೋಕೆ ಎಷ್ಟು ದಿನ ಬೇಕ್ರೀ?” ಎಂದು ಕೇಳಿದೆ.

“ನಾಲ್ಕು ವಾರ” ಎಂದರು, ಬರಿಗಲ್ಲ ಸವರಿಕೊಂಡು. “ಕಾಯೋದು ನಿನಗೆ ಹೇಳಿಕೊಡಬೇಕಾ?”

ಸೋಪು ಹಾಳಾಗಿಲ್ಲ. ಬುಡ ತಿರುಗಿಸಿ ಅಂಗಿಯ ಕಾಲರಿಗೆ ಉಜ್ಜಲು ಅದರಷ್ಟು ಹೇಳಿಮಾಡಿಸಿದ್ದು ಬೇರೊಂದಿಲ್ಲ. ನೊರೆಯಂತೂ ಬೇಡವೆಂದರೂ ಬರುತ್ತದೆ. ಮನೆಯವರ ನೀಲಿ ಅಂಗಿಗೆ ಈಗಷ್ಟೇ ಉಜ್ಜಿ, ತಿಕ್ಕಿ, ಮೂರು ನೀರಿನಲ್ಲಿ ಜಾಲಿಸಿ ಹಿಂಡಿದೆ. ಇನ್ನು ಮಗುವಿನ ಲಂಗ ಒಗೆಯುವುದಿದೆ.