ನಮ್ಮ ಮನೆಯ ಮಂದಿ

ಜನ ಬೇರೆ, ಮಂದಿ ಬೇರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜನ ಎನ್ನುವವರು ಭಾಷಣಗಳಲ್ಲಿ ವಾಸವಾಗಿರುತ್ತಾರೆ; ಅವರಿಗೆ ಹಕ್ಕು, ಕರ್ತವ್ಯ ಇತ್ಯಾದಿ ಉಂಟು. ಮಂದಿ ಎನ್ನುವವರು ಪಕ್ಕದ ಮನೆಯಲ್ಲಿರುತ್ತಾರೆ. ಅವರಿಗೆ ಬಾಯಿ ಉಂಟು. ನಾನು ಪಟ್ಟೆ ಲುಂಗಿಯುಟ್ಟು ಹಾಲು ತರಲು ಹೊರಟರೆ, ಧಾರವಾಡದ ಕಡೆಯವಳಾದ ನನ್ನ ಹೆಂಡತಿ ಸುಶೀಲೆ “ಮಂದಿ ಏನಂದಾರ್ರೀ?” ಎಂದು ತಡೆಯುತ್ತಾಳೆ. ಜನ ಏನಂದಾರು ಎಂದು ಒಮ್ಮೆಯೂ ಚಿಂತಿಸಿದವಳಲ್ಲ.

ಎಂಬತ್ತರ ದಶಕದ ಕೊನೆಗೆ ಬ್ಯಾಂಕು ನನ್ನನ್ನು ನಾಸಿಕಕ್ಕೆ ಎತ್ತಿಹಾಕಿತು. ಆ ಊರಿನಲ್ಲಿ ಸುಶೀಲೆಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದದ್ದು ಎದುರುಮನೆಯ ಕುಸುಮಕಾಕು ಒಬ್ಬರೇ. ಅವರಿಗೋಸ್ಕರವೇ ಕನ್ನಡಕ್ಕೆ ಅಲ್ಲಲ್ಲಿ ‘ಆಹೆ’ ಸೇರಿಸಿ ತನ್ನದೇ ಒಂದು ಮರಾಠಿ ಕಟ್ಟಿಕೊಂಡಿದ್ದಳು. ಗೋದಾವರಿ ಸ್ನಾನಕ್ಕೆಂದು ಅವಳ ತವರಿನವರು ಒಂದು ಟೆಂಪೋ ತುಂಬ ಬಂದಿಳಿದ ದಿನ, ಆಮೇಲೆ ಹೊರಗಿನಿಂದ ಮರಳಿದ ಕಾಕು ಇವಳನ್ನು ಮೆಟ್ಟಿಲ ಮೇಲೆ ಕಂಡು, ಮುಖ ಯಾಕೆ ಬಾಡಿದೆಯೆಂದು ಕೇಳಿದರಂತೆ. ಇವಳು, “ಘರಾತ್ ಮಂದಿ ಆಹೆ ಕಾಕು, ಫಾರ್ ಮಂದಿ!” ಅಂದಳಂತೆ. ಮನೆ ತುಂಬ ಜನ ಎಂಬ ಅರ್ಥದಲ್ಲಿ. ಮರಾಠಿಯಲ್ಲಿ ಮಂದಿ ಎಂದರೆ ವ್ಯಾಪಾರ ಕುಸಿಯುವುದು, ಕೈ ಬರಿದಾಗುವುದು.

ಸಂಜೆ ಮೆಟ್ಟಿಲ ಮೇಲೆ ಕಾಕುವಿನ ಯಜಮಾನರು ನನ್ನ ಹೆಗಲಿಗೆ ಕೈಯಿಟ್ಟು, “ಧೀರ್ ಧರಾ ಸಾಹೇಬ, ಇಂಥ ದಿನ ಬರ್ತಾವೆ, ಹೋಗ್ತಾವೆ” ಎಂದರು. ಅತ್ತೆಮನೆಯವರ ವಿಷಯದಲ್ಲಿ ಇಷ್ಟು ತಿಳಿದ ಗಂಡಸೊಬ್ಬ ಸಿಕ್ಕನಲ್ಲ ಎಂದು ನನ್ನ ಕಣ್ಣು ತುಂಬಿತು. ಒಳಗೆ ಬಂದರೆ ಅಡುಗೆಮನೆಯಲ್ಲಿ ಕಾಕು ಕೊಟ್ಟ, ಅಲ್ಲೇ ಹತ್ತಿರದ ಸಟಾಣಾ ಊರಿನ ಈರುಳ್ಳಿಯ ಚೀಲ, ಡಬ್ಬಿ ತುಂಬ ಸಜ್ಜೆಹಿಟ್ಟು. ಆಗ ಹೊಳೆಯಿತು. ಬ್ಯಾಂಕ್ ಅಧಿಕಾರಿಯ ಮನೆಗೆ ಭಿಕ್ಷೆ! ಹಿಂದಿರುಗಿಸಲು ಚೀಲ ಹೊತ್ತು ಹೊರಟೆ. ಕಾರಣ ಕೇಳಿ ಸುಶೀಲೆಯ ಮುಖ ಸಣ್ಣದಾಯಿತು. “ಹಂಗಾರ ಇನ್ನ ನಾ ಅವರ ಕೂಡ ಮಾತಾಡೂದಽ ಇಲ್ರಿ. ನಗತಾರ.”

ಅಷ್ಟರಲ್ಲಿ ಕಾಕುವೇ ಬೆಲ್ಲ ಹಿಡಿದು ಬಂದರು. ನಡುಮನೆಯಲ್ಲಿ ಸಾಲಾಗಿ ಕೂತ ಅತ್ತೆ, ಮಾವ, ಅವರ ಬೀಗರು, ಮಕ್ಕಳುಮರಿಗಳನ್ನು ಕಂಡು ದಂಗಾದರು. ಸುಶೀಲೆ ತಲೆತಗ್ಗಿಸಿ ಅವರತ್ತ ಕೈ ತೋರಿಸಿದಳು. “ಹೀಚ್ ಮಂದಿ, ಕಾಕು. ಕನ್ನಡದಾಗ ಹಂಗಂತೀವಿ.”

ಕಾಕು ನಮ್ಮ ಮಂದಿಯನ್ನು ನೋಡಿದರು, ಖಾಲಿಯಾದ ಅನ್ನದ ಪಾತ್ರೆಯನ್ನು ನೋಡಿದರು. “ಅಗ ಬಾಯಿ, ಹೀ ಆಲೀ ಕೀ ತೀ ಯೇತೇಚ್!” ಇದು ಬಂದರೆ ಅದೂ ಬಂದೇ ಬರುತ್ತದೆ ಎನ್ನುತ್ತ ಸೆರಗು ಸಿಕ್ಕಿಸಿ ರೊಟ್ಟಿ ತಟ್ಟಲು ಕೂತೇಬಿಟ್ಟರು. ಸುಶೀಲೆ ನಕ್ಕಳು. ನಾನು ಅಧಿಕಾರಿಗೆ ತಕ್ಕ ಗಾಂಭೀರ್ಯದಿಂದ ಚೀಲ ಇಳಿಸಿ ಈರುಳ್ಳಿ ಹೆಚ್ಚತೊಡಗಿದೆ.

ಕೆಲವು ದಿನ ಕಳೆದು ಟೆಂಪೋ ಹೊರಟಿತು. “ಮಂದಿ ಗೇಲೀ ಕಾ?” ಹೋಯಿತೇ ಎಂದು ಕಾಕು ಬಾಗಿಲಿನಿಂದಲೇ ಕೇಳಿದರು. “ಗೇಲೀ” ಎಂದಳು ಸುಶೀಲೆ. ಒಳಗೆ ನಡುಮನೆ ಭಣಗುಡುತ್ತಿತ್ತು. ಬಚ್ಚಲಿನ ಹೊರಗೆ ನಿಂತು ಕೆಮ್ಮುವವರಿಲ್ಲ, ನನಗಿಂತ ಮೊದಲೇ ಪೇಪರು ಓದಿ ಸುದ್ದಿ ಹೇಳಿಬಿಡುವ ಮಾವನಿಲ್ಲ. ಮನೆಗೆ ಈಗ ಮರಾಠಿ ಮಂದಿ ಬಂದಿದೆ ಎಂದು ನನಗೆ ಖಚಿತವಾಯಿತು. ಸುಶೀಲೆಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಕಾಗದ ಬರೆದು ಅವರನ್ನೆಲ್ಲ ಮತ್ತೆ ಕರೆಸಿಯೇಬಿಟ್ಟಾಳು.