ಬೀಗರ ಪಕ್ಕದ ಎಲೆ

ಮನುಷ್ಯನ ಹೊಟ್ಟೆಗೆ ಡಾಕ್ಟರು ಇನ್ನೊಂದು ಬಾಗಿಲು ಇಟ್ಟುಕೊಡಬಹುದು, ಆದರೆ ಹೊಟ್ಟೆಕಿಚ್ಚು ಆ ಬಾಗಿಲಿನಿಂದ ಹೊರಗೆ ಹೋಗುವುದಿಲ್ಲ ಎಂದು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ದೊಡ್ಡ ಕರುಳು ಕೆಟ್ಟಿತೆಂದು ಮಂಗಳೂರಿನಲ್ಲಿ ಅದನ್ನು ತೆಗೆದುಹಾಕಿ, ಸಣ್ಣ ಕರುಳಿನ ತುದಿಯನ್ನು ಹೊಕ್ಕುಳ ಬಲಗಡೆಗೆ ಹೊರತಂದು, ಅದಕ್ಕೊಂದು ಚೀಲ ಅಂಟಿಸಿ ಕಳುಹಿಸಿದಾಗ ನನಗೆ ಅರುವತ್ತು. ಹಾನುಬಾಳಿನ ಹತ್ತಿರ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಮೊದಮೊದಲು ನಾಚಿಕೆಯಾಯಿತು, ಆಮೇಲೆ ಅಭ್ಯಾಸವಾಯಿತು. ದೊಗಲೆ ಅಂಗಿ ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಚೆನ್ನಾಗಿ ಅಗಿದರೆ ಏನು ತಿಂದರೂ ನಡೆಯುತ್ತಿತ್ತು. ಕಷ್ಟ ಶುರುವಾದದ್ದು ಅರುವತ್ತೆಂಟು ದಾಟಿದ ಮೇಲೆ. ದವಡೆ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ತಿಂದ ಅಣಬೆ ಅಣಬೆಯಾಗಿಯೇ ಚೀಲಕ್ಕೆ ಬರತೊಡಗಿತು. ಮೈ ಇಳಿಯಿತು. ಒಮ್ಮೆ ಹಲಸಿನ ತೊಳೆ ಒಳಗೆ ಸಿಕ್ಕಿಕೊಂಡು, ಒಂದು ಹಗಲು ಏನೂ ಹೊರಬರದೆ, ನುಲಿದುಕೊಳ್ಳುತ್ತಿದ್ದ ನನ್ನನ್ನು ಜೀಪಿನಲ್ಲಿ ಹಾಸನಕ್ಕೆ ಒಯ್ದರು. ಅಲ್ಲಿಯ ಡಾಕ್ಟರಮ್ಮ, ವಯಸ್ಸಾದ ಹಾಗೆ ಕರುಳೂ ಸೋಮಾರಿಯಾಗುತ್ತದೆ, ನಾರಿನ ಪದಾರ್ಥ ಬೇಡ, ಸ್ವಲ್ಪಸ್ವಲ್ಪವೇ ಆರು ಸಲ ತಿನ್ನಿ, ಉಪ್ಪು ಹಾಕಿದ ಗಂಜಿ ಕುಡಿಯಿರಿ, ತುತ್ತನ್ನು ನೀರಾಗುವ ತನಕ ಅಗಿಯಿರಿ ಎಂದರು. ಕಳಲೆ ಎಂದರೇನೆಂದು ಆಕೆಗೆ ಗೊತ್ತಿರಲಿಲ್ಲ. ಬಿದಿರಿನ ಎಳೆ ಮೊಳಕೆ ಎಂದು ನಾನೇ ಬಿಡಿಸಿ ಹೇಳಿ, ಅದನ್ನೂ ಬೇಡದ ಪಟ್ಟಿಗೆ ಬರೆಸಿಕೊಂಡು ಬಂದೆ.

ಇಷ್ಟನ್ನೂ ಸಹಿಸಿಕೊಂಡೇನು, ನನ್ನ ಬೀಗರಾದ ಹೆಗ್ಗದ್ದೆಯ ತಮ್ಮಣ್ಣಗೌಡರನ್ನು ಸಹಿಸುವುದು ಕಷ್ಟ. ನನ್ನ ಮಗಳ ಮಾವ. ನನಗಿಂತ ಮೂರು ವರ್ಷ ದೊಡ್ಡವರು. ಹಲ್ಲು ಮೂವತ್ತೆರಡೂ ಸ್ವಂತದ್ದೇ. ಕಲ್ಲು ತಿಂದರೂ ಕರಗಿಸುವ ಹೊಟ್ಟೆ. ಅವರು ಕಳಲೆ ಪಲ್ಯ ಅಗಿಯುವ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸುಳ್ಳೇಕೆ ಹೇಳಲಿ, ಅವರಿಗೊಂದು ಸಣ್ಣ ಅಜೀರ್ಣವಾದರೂ ಆಗಲಿ ಎಂದು ದೇವರಲ್ಲಿ ಕೇಳಿಕೊಂಡದ್ದುಂಟು. ದೊಡ್ಡ ಕಾಯಿಲೆ ಕೇಳಲಿಲ್ಲ, ಎಷ್ಟೆಂದರೂ ಮಗಳು ಬಾಳುವ ಮನೆ.

ಮೊಮ್ಮಗನಿಗೆ ಹೆಸರಿಟ್ಟ ಮಾರನೆಯ ದಿನ ಹೆಗ್ಗದ್ದೆಯಲ್ಲಿ ಬಾಡೂಟವಿತ್ತು. ನೀವು ಮುಂಚೆಯೇ ಅಡುಗೆಮನೆಯಲ್ಲಿ ಗಂಜಿ ಕುಡಿದುಬಿಡಿ, ಪಂಕ್ತಿಯಲ್ಲಿ ಕೂತರೆ ಎಲ್ಲರಿಗೂ ತೊಂದರೆ ಎಂದಳು ನನ್ನ ಹೆಂಡತಿ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಸಾಲಿನಲ್ಲಿ ಕೂತ ಕೊನೆಯವನು ಉಂಡು ಮುಗಿಸುವ ತನಕ ಯಾರೂ ಏಳುವ ಹಾಗಿಲ್ಲ, ನಾನೋ ಒಂದು ತುತ್ತಿಗೆ ಐದು ನಿಮಿಷದವನು. ಆದರೆ ಅಡುಗೆಮನೆಯಲ್ಲಿ ಗಂಜಿ ಕುಡಿಯುವವನೆಂದು ಬೀಗರ ಮನೆಯಲ್ಲಿ ಒಮ್ಮೆ ಹೆಸರಾದರೆ ಮತ್ತೆ ಜನ್ಮದಲ್ಲಿ ಯಾರೂ ಮೊದಲ ಪಂಕ್ತಿಗೆ ಕರೆಯುವುದಿಲ್ಲ. ನಾಲ್ಕು ಜನರ ಜೊತೆ ಕೂತು ಉಣ್ಣುವುದೂ ತಪ್ಪಿದರೆ ಇನ್ನು ಉಳಿದದ್ದಾದರೂ ಏನು? ಹಟ ಹಿಡಿದು ಹೋಗಿ ತಮ್ಮಣ್ಣಗೌಡರ ಪಕ್ಕದಲ್ಲೇ ಕೂತೆ.

ನನ್ನ ಎಲೆಗೆ ಎರಡು ಅಕ್ಕಿ ಕಡುಬು, ಕೋಳಿ ಸಾರಿನ ತಿಳಿ. ಅಗಿದೆ, ಅಗಿದೆ, ಅಗಿಯುತ್ತಲೇ ಇದ್ದೆ. ಅವರು ನಾಲ್ಕು ಕಡುಬು ಮುಗಿಸಿ ನನ್ನ ಎಲೆ ನೋಡಿದರು. ಅದರಲ್ಲಿ ಇನ್ನೂ ಒಂದೂವರೆ ಇತ್ತು. ತಮಗೆ ಇನ್ನೆರಡು ಹಾಕಿಸಿಕೊಂಡರು, ಮೇಲೆ ಕಳಲೆ ಪಲ್ಯ. ನಾನು ಅಗಿದಷ್ಟೂ ಅವರು ಹಾಕಿಸಿಕೊಳ್ಳುತ್ತಾ ಹೋದರು. ನನ್ನ ಕಾಯಿಲೆಯೇ ಅವರ ಊಟಕ್ಕೆ ಅನುಕೂಲವಾಯಿತಲ್ಲ ಎಂದು ಒಳಗೇ ಕುದಿದೆ. ಒಟ್ಟು ಹನ್ನೊಂದು ಕಡುಬು. ಸಾಲಿನಲ್ಲಿದ್ದ ಉಳಿದವರ ಕೈ ಒಣಗಿ ಹೋಗಿತ್ತು.

ಮುಂದಿನ ವಾರ ಸಂತೆಗೆ ಬಂದ ತಮ್ಮಣ್ಣಗೌಡರು ನಮ್ಮ ಮನೆಗೂ ಬಂದರು. ಮುಖ ಬಾಡಿತ್ತು. ನನ್ನ ಹೆಂಡತಿ ರೊಟ್ಟಿ ತಟ್ಟಲು ಎದ್ದರೆ, ಬೇಡ, ಒಂದು ಲೋಟ ಗಂಜಿ ಇದ್ದರೆ ಸಾಕು ಎಂದರು. ಆ ಊಟವಾದ ಮೇಲೆ ಮೂರು ದಿನ ಹೊಟ್ಟೆ ಕಟ್ಟಿ, ಹರಳೆಣ್ಣೆ ಕುಡಿದು ಮಲಗಿದ್ದರಂತೆ. ನನ್ನ ಮೊರೆ ದೇವರಿಗೆ ಮುಟ್ಟಿತೆಂದು ಒಳಗೊಳಗೇ ಹಿಗ್ಗಿದೆ. ಈ ವಯಸ್ಸಿನಲ್ಲಿ ಹನ್ನೊಂದು ಕಡುಬು ತಿಂದರೆ ಇನ್ನೇನಾಗುತ್ತದೆ ಎಂದು ಬುದ್ಧಿಯನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ನಂಗೆಲ್ಲಿ ಹಸಿವಿತ್ತು ಬೀಗ್ರೆ? ನಾಕು ಕಡುಬಿಗೇ ಹೊಟ್ಟೆ ತುಂಬೋಗಿತ್ತು. ನಾನು ಸುಮ್ನೆ ಕೂತ್ರೆ ಸಾಲ್ನಾಗಿರೋರೆಲ್ಲ ನಿಮ್ ಬಾಯೇ ನೋಡ್ತಾರೆ, ನೀವು ನಾಚ್ಕೊಂಡು ಅರ್ಧಕ್ಕೇ ಎದ್ಬುಟ್ರೆ ಅಂತ ತಿಂತಾ ಹೋದೆ. ಇನ್ನೇನು ಮುಗೀತು ಅನ್ನೋಷ್ಟ್ರಲ್ಲಿ ನೀವು ಮತ್ತೆ ಅಗಿಯೋರು ಮಾರಾಯ್ರೆ."

ನನ್ನ ಹೆಂಡತಿ ಅವರನ್ನು ದೇವರನ್ನು ನೋಡಿದ ಹಾಗೆ ನೋಡಿದಳು. ನಲವತ್ತು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಹಾಗೆ ನೋಡಿದವಳಲ್ಲ. ಹಲ್ಲು, ಕರುಳು ಸಾಲದೆಂದು ಒಳ್ಳೆಯತನವನ್ನೂ ದೇವರು ಇವರಿಗೇ ಕೊಡಬೇಕಿತ್ತೇ ಎಂದು ನನಗೆ ಮತ್ತಷ್ಟು ಉರಿಯಿತು. ಅವರಿಬ್ಬರಿಗೂ ನಾನು ಇವತ್ತಿನ ತನಕ ಹೇಳದ ಸಂಗತಿ ಒಂದಿದೆ. ಅವರ ಏಳನೆಯ ಕಡುಬಿನ ಹೊತ್ತಿಗೇ ನನ್ನ ಊಟ ಮುಗಿದಿತ್ತು. ಅವರಿಗಿಂತ ಮೊದಲು ಸೋತು ಕೈಬಿಟ್ಟವನಾಗಬಾರದೆಂದು, ಎಲೆಯ ಅಂಚಿನಲ್ಲಿ ಒಂದು ಚೂರು ಕಡುಬು ಉಳಿಸಿಕೊಂಡು, ಅಷ್ಟು ಹೊತ್ತೂ ನಾನು ಖಾಲಿ ಬಾಯಿ ಅಗಿಯುತ್ತಾ ಕೂತಿದ್ದೆ.